ಅಪ್ಪನ ಟ್ರಂಕಿನಿಂದ 36 ಪುಟ: ತೀರಿಕೊಂಡವರ ನೆನಪಿನ ಪುಸ್ತಕ ಮಾಡುವ ಬಗೆ

ಅಪ್ಪ ತೀರಿಕೊಂಡ ಮೂರನೇ ದಿನಕ್ಕೆ ನಮ್ಮ ಬೀದಿ ಮೂಲೆಯಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಬೀದಿಯ ಹುಡುಗರು ಅಭಿಮಾನದಿಂದ ಹಾಕಿಸಿದ್ದು. ಅದರಲ್ಲಿ ಮೂರು ತಪ್ಪಿತ್ತು. ಅಪ್ಪನ ಕುತ್ತಿಗೆ ಕೆಳಗೆ ಯಾರದೋ ನೀಲಿ ಕೋಟು ಅಂಟಿಸಿದ್ದರು. 77 ವರ್ಷದವರ ತಲೆಗೂದಲು ಕಡುಗಪ್ಪು ಮಾಡಿದ್ದರು. ಕೆಳಗೆ, ‘ಢಾಕಾ ಗೆದ್ದ ವೀರಯೋಧ’ ಅಂತ ಬರೆಸಿದ್ದರು. ಮೊದಲಿನ ಎರಡು ತಪ್ಪು ನನಗೆ ಅವತ್ತೇ ಕಂಡಿತು. ಮೂರನೆಯದು ತಪ್ಪು ಅಂತ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಆ ಎಂಟು ತಿಂಗಳು, ಆಮೇಲಿನ ನಾಲ್ಕು ತಿಂಗಳು ಸೇರಿಸಿ, ಅಪ್ಪನ ವರ್ಷದ ತಿಥಿಗೆ 36 ಪುಟದ ಒಂದು ಸಣ್ಣ ಪುಸ್ತಕ ಮಾಡಿದೆ. ನಾನು ಬರಹಗಾರ್ತಿ ಅಲ್ಲ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪುಸ್ತಕ ನೋಡಿದ ನಾಲ್ಕೈದು ಮನೆಯವರು, ‘ನಮ್ಮಪ್ಪನದೂ ಹೀಗೇ ಮಾಡಬೇಕು, ಹೇಗೆ ಹೇಳಿ’ ಅಂತ ಕೇಳಿದರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಅಪ್ಪ 1963ರಲ್ಲಿ, ಚೀನಾ ಯುದ್ಧದ ಮರುವರ್ಷ, ಬೆಂಗಳೂರಿಗೆ ಹೋಗಿ, ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಮದ್ರಾಸ್ ಇಂಜಿನಿಯರ್ ಗ್ರೂಪ್ ಸೇರಿದವರು. ಹಲಸೂರು ಕೆರೆ ಪಕ್ಕದ ಎಂಇಜಿ ಅಂದರೆ ಬೆಂಗಳೂರಿನವರಿಗೆ ಗೊತ್ತಾಗುತ್ತದೆ. 15 ವರ್ಷ ಅಲ್ಲಿದ್ದು ಹವಾಲ್ದಾರ್ ಆಗಿ ಹೊರಗೆ ಬಂದರು. ಆಮೇಲೆ 22 ವರ್ಷ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಮೆಂಟೆನೆನ್ಸ್ ಸೆಕ್ಷನ್ನಿನಲ್ಲಿ ಫಿಟ್ಟರ್. ಊರಿನಲ್ಲಿ ಅವರಿಗೆ ‘ಮಿಲ್ಟ್ರಿ’ ಅಂತ ಹೆಸರು, ಫ್ಯಾಕ್ಟರಿಯಲ್ಲಿ ‘ಹವಾಲ್ದಾರ್ರು’, ಮನೆಯಲ್ಲಿ ಅಪ್ಪ. ಈ ಮೂವರೂ ಒಬ್ಬರೇ ಅಂತ ನನಗೆ ಸರಿಯಾಗಿ ತಿಳಿದದ್ದು ಪುಸ್ತಕ ಮಾಡುವಾಗಲೇ.

ಟ್ರಂಕು ತೆಗೆದ ಮೇಲೆ ಕೈ ಕಟ್ಟಿಕೊಂಡು ಕೂರಿ

ಮಿಲಿಟರಿಯಿಂದ ಬಂದವರ ಮನೆಯಲ್ಲಿ ಒಂದು ಕಪ್ಪು ತಗಡಿನ ಟ್ರಂಕು ಇದ್ದೇ ಇರುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ತೆಗೆದ ತಕ್ಷಣ ಎಲ್ಲ ಹೊರಗೆ ಸುರಿದು ‘ಕ್ಲೀನ್’ ಮಾಡಲು ಹೋಗಬೇಡಿ. ಯಾವುದು ಯಾವುದರ ಜೊತೆ ಇತ್ತು ಅನ್ನುವುದೂ ಒಂದು ವಿಷಯವೇ. ನಾನು ಮೊದಲು ಪದರ ಪದರವಾಗಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಮೇಲೆ ಒಂದು ಅಂಗೋಲಾ ಶರ್ಟು. ಅದರ ಕೆಳಗೆ ಎನಾಮಲ್ ಮಗ್ಗು. ಮಗ್ಗಿನೊಳಗೆ ಬಟ್ಟೆಯ ಪುಟ್ಟ ಚೀಲ, ಅದರಲ್ಲಿ ಸೂಜಿ, ದಾರ, ಗುಂಡಿ. ಈ ಚೀಲಕ್ಕೆ ಮಿಲಿಟರಿಯಲ್ಲಿ ‘ಹೌಸ್‌ವೈಫ್’ ಅಂತ ಹೆಸರು. ಅಮ್ಮನಿಗೆ ಹೇಳಿದಾಗ, ‘ಓ, ಅದಕ್ಕೇ ನನ್ನನ್ನೂ ಊರಲ್ಲೇ ಟ್ರಂಕಿನ ಹಾಗೆ ಬಿಟ್ಟು ಹೋಗ್ತಿದ್ರು’ ಅಂದರು. ಇದನ್ನು ಪುಸ್ತಕಕ್ಕೆ ಹಾಕಿದ್ದೇನೆ.

ಕಾಗದಗಳಿಗೆ ಬರೋಣ. ನೆನಪಿನ ಕೆಲಸಕ್ಕೆ ಮೊದಲು ಅಮ್ಮನ ಕೆಲಸ. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾದ ಆದೇಶ ಪತ್ರ (ಪಿಪಿಓ), ಮಿಲಿಟರಿ ಕ್ಯಾಂಟೀನ್ ಕಾರ್ಡು, ಫ್ಯಾಕ್ಟರಿಯ ಪಿಎಫ್ ಪಿಂಚಣಿ ಪತ್ರ, ಇವನ್ನು ಬೇರೆ ಫೈಲಿನಲ್ಲಿ ಇಡಿ. ಅಪ್ಪ ಹೋದ ಮೇಲೆ ಕುಟುಂಬ ಪಿಂಚಣಿಗೆ ಇವೇ ಆಧಾರ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ದಯವಿಟ್ಟು. ಹಳೇ ಕಾಗದ ಆ ಬಿಸಿಗೆ ಹಾಳಾಗುತ್ತದೆ, ಮತ್ತೆ ಬಿಡಿಸಲೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆದ ಪಜೀತಿ ಕೇಳಿ. ಡಿಸ್ಚಾರ್ಜ್ ಬುಕ್‌ನಲ್ಲಿ ಅಮ್ಮನ ಹೆಸರಿನ ಕೊನೆಗೆ ‘ಅಮ್ಮ’ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಆ ಒಂದು ‘ಅಮ್ಮ’ನಿಗಾಗಿ ನಾವು ತಿಂಗಳುಗಟ್ಟಲೆ ಓಡಾಡಿದೆವು. ಅಪ್ಪಂದಿರು ಇನ್ನೂ ಇರುವ ಮನೆಯವರು ಇವತ್ತೇ ಎರಡೂ ಹೆಸರು ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಬೇರೆ ಇದ್ದರೆ ಅವರು ಇರುವಾಗಲೇ ಸರಿ ಮಾಡಿಸುವುದು ಸುಲಭ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ನಿಮ್ಮ ಜಿಲ್ಲೆಗೆ ಸೇರಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ.

ಇನ್ನೊಂದು ಮಾತು. ಮೂಲ ಕಾಗದ ಎಲ್ಲಿಗೇ ಕೊಡಲಿ, ಕೊಡುವ ಮೊದಲು ಖಾಲಿ ಪುಟವನ್ನೂ ಬಿಡದೆ ಫೋಟೋ ತೆಗೆದುಕೊಳ್ಳಿ. ನಾನು ಡಿಸ್ಚಾರ್ಜ್ ಬುಕ್‌ನ ಎರಡು ಪುಟ ಮಾತ್ರ ಜೆರಾಕ್ಸ್ ಮಾಡಿಸಿ, ಬುಕ್ಕನ್ನು ಪಿಂಚಣಿಗೆ ಅಂತ ಕೊಟ್ಟುಬಿಟ್ಟೆ. ಅದು ಮನೆಗೆ ವಾಪಸ್ ಬಂದದ್ದು ಡಿಸೆಂಬರ್‌ನಲ್ಲಿ. ನನಗೆ ಬೇಕಾದದ್ದು ನಾನು ಜೆರಾಕ್ಸ್ ಮಾಡಿಸದ ಪುಟದಲ್ಲಿತ್ತು.

ಪದಕ ಹೇಳುವ ಸುದ್ದಿ

ಪದಕಗಳು ಒಂದು ಬೋರ್ನ್‌ವಿಟಾ ಡಬ್ಬಿಯಲ್ಲಿದ್ದವು. ರಿಬ್ಬನ್ನುಗಳೆಲ್ಲ ಬಣ್ಣ ಹೋಗಿ ಹೆಚ್ಚುಕಡಿಮೆ ಒಂದೇ ಥರ ಆಗಿದ್ದವು. ನನ್ನ ತಮ್ಮ ಹುಣಸೆಹಣ್ಣು ಹಾಕಿ ತಿಕ್ಕಲು ಹೊರಟಿದ್ದ, ತಡೆದೆ. ಪದಕವನ್ನು ತಿಕ್ಕಬಾರದು. ಅದರ ಅಂಚಿನಲ್ಲೋ ಹಿಂಬದಿಯಲ್ಲೋ ಸಣ್ಣಗೆ ನಂಬರು, ಹೆಸರು ಕೊರೆದಿರುತ್ತಾರೆ. ತಿಕ್ಕಿದರೆ ಮೊದಲು ಸವೆಯುವುದು ಅದೇ. ಒಣ ಹತ್ತಿಬಟ್ಟೆಯಲ್ಲಿ ಮೆತ್ತಗೆ ಒರೆಸಿದರೆ ಸಾಕು.

ಆ ಅಕ್ಷರ ನನ್ನ ಕಣ್ಣಿಗೆ ಕಾಣಲಿಲ್ಲ. ಅಪ್ಪನ ಟೂಲ್ ಡಬ್ಬಿಯಿಂದ ಐಗ್ಲಾಸ್ ತಂದೆ. ವಾಚ್ ರಿಪೇರಿಯವರು ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ ಅದು. ಫ್ಯಾಕ್ಟರಿ ಬಿಟ್ಟ ಮೇಲೂ ಭಾನುವಾರ ಅವರ ಕಣ್ಣಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡು ಕಿಟಕಿ ಹತ್ತಿರ ಕೂತು ಒಂದೊಂದೇ ಪದಕ ತಿರುಗಿಸಿ ಓದಿದೆ. ಟ್ರಂಕಿನ ಮೇಲಿದ್ದ ಅದೇ ನಂಬರು.

ಯಾವ ಪದಕ ಯಾವುದಕ್ಕೆ ಅನ್ನುವುದು ಡಿಸ್ಚಾರ್ಜ್ ಬುಕ್‌ನಲ್ಲಿ ಬರೆದಿರುತ್ತದೆ. ಸುಮ್ಮನೆ ‘ಆರು ಪದಕ ಬಂದಿದೆ’ ಅಂತ ಬರೆದು ಮುಗಿಸಬೇಡಿ. ಒಂದೊಂದೂ ಒಂದೊಂದು ಸುದ್ದಿ ಹೇಳುತ್ತದೆ. ಸಂಗ್ರಾಮ್ ಮೆಡಲ್ 1971ರ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದವರದು. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಬಂತು. ಒಂಬತ್ತು ವರ್ಷದ ಸೇವೆಗೆ ಬೇರೆ ಇದೆ. ಮುಖ್ಯವಾದವು ಎರಡು ಸ್ಟಾರ್: 1971ರಲ್ಲಿ ಪೂರ್ವದ ಕಡೆ, ಅಂದರೆ ಢಾಕಾ ಇರುವ ಬಾಂಗ್ಲಾ ಕಡೆ, ಇದ್ದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದ ಕಡೆ ಇದ್ದವರಿಗೆ ಪಶ್ಚಿಮೀ ಸ್ಟಾರ್.

ಡಿಸೆಂಬರ್‌ನಲ್ಲಿ ವಾಪಸ್ ಬಂದ ಬುಕ್ ತೆರೆದೆ. ಅಪ್ಪನ ಹೆಸರಿನ ಮುಂದೆ ಇದ್ದದ್ದು ಪಶ್ಚಿಮೀ ಸ್ಟಾರ್.

ಅಂದರೆ ಅಪ್ಪ ಢಾಕಾ ಕಡೆ ಹೋಗಿಯೇ ಇರಲಿಲ್ಲ! 50 ವರ್ಷದಿಂದ ಊರೆಲ್ಲ ಹಾಗೇ ಹೇಳಿಕೊಂಡು ಬಂದಿತ್ತು. ನಾವೂ ಶಾಲೆಯಲ್ಲಿ ಹಾಗೇ ಹೇಳಿದ್ದೆವು. ಊರಿನವರಿಗೆ 1971 ಅಂದರೆ ‘ಬಾಂಗ್ಲಾ ಯುದ್ಧ’, ಮಿಲ್ಟ್ರಿಯವರು ಹೋದದ್ದು ಯುದ್ಧಕ್ಕೆ, ಅಂದಮೇಲೆ ಬಾಂಗ್ಲಾಕ್ಕೇ ಹೋಗಿರಬೇಕು. ಅಪ್ಪ ಹೌದು ಅಂದದ್ದನ್ನು ನಾನು ಕೇಳಿಲ್ಲ, ಅಲ್ಲ ಅಂದದ್ದನ್ನೂ ಕೇಳಿಲ್ಲ. ‘ನಾನೇನು ಮಾಡಿದೆ? ಟೇಪು ಕಟ್ಟಿದೆ’ ಅಂತಿದ್ದರು, ಅಷ್ಟೇ. ನಾವು ಅದನ್ನು ತಮಾಷೆ ಅಂದುಕೊಂಡಿದ್ದೆವು.

ಮನೆಯ ಕತೆಯನ್ನು ಕಾಗದದ ಜೊತೆ ತಾಳೆ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕಾಗದದಲ್ಲೂ ತಪ್ಪಿರುತ್ತದೆ, ನಿಜ. ನಮ್ಮ ಅಪ್ಪನ ಹುಟ್ಟಿದ ತಾರೀಕು ಜೂನ್ 1 ಅಂತಿದೆ. ಆ ಕಾಲದಲ್ಲಿ ಮೇಷ್ಟ್ರು ಅರ್ಧ ಶಾಲೆಗೆ ಅದೇ ತಾರೀಕು ಬರೆಯುತ್ತಿದ್ದರು. ಎರಡೂ ಬೇರೆ ಬೇರೆ ಹೇಳಿದರೆ ಎರಡನ್ನೂ ಪುಸ್ತಕದಲ್ಲಿ ಬರೆಯಿರಿ.

ಕಾಗದದ ಮೇಲಿನ ಠಸ್ಸೆ

ಇದು ನನ್ನ ಇಲಾಖೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಫೀಲ್ಡಿನಲ್ಲಿದ್ದ ಸೈನಿಕರ ಕಾಗದದಲ್ಲಿ ಊರಿನ ಹೆಸರು ಇರುವುದಿಲ್ಲ. ‘ಕೇರ್ ಆಫ್ 56 ಎಪಿಓ’ ಅಂತಲೋ ‘99 ಎಪಿಓ’ ಅಂತಲೋ ಇರುತ್ತದೆ. ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ. ಎಲ್ಲಿದ್ದಾರೆ ಅಂತ ಗೊತ್ತಾಗಬಾರದು ಅಂತಲೇ ಆ ವ್ಯವಸ್ಥೆ. ಆದರೆ ತಾರೀಕು ಸಿಗುತ್ತದೆ. ಒಳಗೆ ತಾರೀಕು ಬರೆದಿಲ್ಲದಿದ್ದರೂ ಹೊರಗೆ ಠಸ್ಸೆ ಇರುತ್ತದೆ, ಹಲವು ಸಲ ಎರಡು: ಕಳಿಸಿದ ಕಡೆಯದು ಒಂದು, ನಮ್ಮ ಊರಿನ ಅಂಚೆ ಕಚೇರಿಗೆ ಬಂದದ್ದು ಇನ್ನೊಂದು. ಮಸಿ ಮಾಸಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಒತ್ತಿದ ಗುರುತು ಎದ್ದು ಕಾಣುತ್ತದೆ. ತಾರೀಕಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ದೇಶದಲ್ಲಿ ಆಗ ಏನು ನಡೆಯುತ್ತಿತ್ತು ಅಂತ ಬರೆದುಕೊಳ್ಳಿ.

ಹಾಗೆ ಜೋಡಿಸಿದಾಗ 1971ರ ಡಿಸೆಂಬರ್ 22ರ ಒಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ಯುದ್ಧ ಶುರುವಾದದ್ದು ಡಿಸೆಂಬರ್ 3, ಪಶ್ಚಿಮದಲ್ಲಿ ಗುಂಡು ನಿಂತದ್ದು 17ರ ರಾತ್ರಿ 8ಕ್ಕೆ. ಅದಾಗಿ ಐದು ದಿನಕ್ಕೆ ಅಪ್ಪ ಏನು ಬರೆದಿದ್ದರು ಗೊತ್ತಾ? ಕಾಗದ ನಮ್ಮ ಚಿಕ್ಕಪ್ಪನಿಗೆ. ಆಗ ಅವರು ಏಳನೇ ಕ್ಲಾಸು, ಮನೆಯಲ್ಲಿ ಓದಲು ಬರುತ್ತಿದ್ದದ್ದು ಅವರೊಬ್ಬರಿಗೇ. ‘ನಾನು ಕ್ಷೇಮ. ಅವ್ವನ ಕೆಮ್ಮು ಹೇಗಿದೆ? ಈ ಸಲ ಕಡಲೆಕಾಯಿ ಎಷ್ಟು ಮೂಟೆ ಆಯಿತು? ತಪ್ಪದೆ ಬರೆ. ಚಳಿ ಇದೆ.’ ಇಷ್ಟೇ. ಯುದ್ಧದ ಸುದ್ದಿ ಒಂದಕ್ಷರ ಇಲ್ಲ. ಅಂಥ ಕಾಗದ ಸಿಕ್ಕರೆ ‘ಇದರಲ್ಲಿ ಏನೂ ಇಲ್ಲ’ ಅಂತ ಬದಿಗಿಡಬೇಡಿ. ನಾನು ಅದಕ್ಕೆ ಪೂರ್ತಿ ಒಂದು ಪುಟ ಕೊಟ್ಟಿದ್ದೇನೆ. ಕಾಗದ ಹಾಗೇ ಕಾಣುವಂತೆ, ಅಪ್ಪನ ಕೈಬರಹದಲ್ಲೇ.

ಮನಿಯಾರ್ಡರ್ ಕೂಪನ್ನುಗಳನ್ನೂ ಹುಡುಕಿ. ಫಾರಮ್ಮಿನ ತುದಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು, ಅದನ್ನು ಹರಿದು ದುಡ್ಡಿನ ಜೊತೆ ಕೊಡುತ್ತಿದ್ದರು. ನಮ್ಮಜ್ಜಿ ಅವನ್ನೆಲ್ಲ ಒಂದು ತಂತಿಗೆ ಚುಚ್ಚಿ ತೊಲೆಗೆ ನೇತು ಹಾಕಿದ್ದರು. ‘40 ರೂ. ಇದರಲ್ಲಿ ಹತ್ತು ತಂಗಿಯ ಬಟ್ಟೆಗೆ.’ ಗಂಡಸರು ದೊಡ್ಡ ಕಾಗದದಲ್ಲಿ ಹೇಳದ್ದನ್ನು ಈ ಎರಡು ಸಾಲಿನಲ್ಲಿ ಹೇಳಿರುತ್ತಾರೆ.

ಕೇಳುವುದಕ್ಕೂ ಒಂದು ಹೊತ್ತಿದೆ

ಅಮ್ಮನ ಮುಂದೆ ಮೊಬೈಲ್ ಇಟ್ಟು ‘ಅಪ್ಪ ಹೇಗಿದ್ದರು ಹೇಳಮ್ಮ’ ಅಂದೆ. ‘ಒಳ್ಳೆಯವರು’ ಅಂದರು. ಮುಗೀತು. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. ಅತ್ತರು. ಅದೂ ಅಷ್ಟಕ್ಕೇ ಮುಗೀತು.

ಆಮೇಲೆ ಅವರೆಕಾಯಿ ಕಾಲ ಬಂತು. ನೆನೆಸಿದ ಕಾಳನ್ನು ಹಿತುಕಲು ನಾವಿಬ್ಬರೂ ಹಜಾರದಲ್ಲಿ ಕೂತೆವು. ಮೊಬೈಲನ್ನು ಮೊರದ ಪಕ್ಕ ಮಗುಚಿ ಇಟ್ಟು, ‘ರೆಕಾರ್ಡ್ ಮಾಡ್ತಿದೀನಿ ಕಣಮ್ಮ’ ಅಂತ ಒಂದು ಸಲ ಹೇಳಿ ಸುಮ್ಮನಾದೆ. ಹೇಳದೆ ಕದ್ದು ರೆಕಾರ್ಡ್ ಮಾಡಬಾರದು. ಕೈ ಕೆಲಸ ಮಾಡುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡು ಸೇರು ಕಾಳು ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆ ಮಾತು. ‘ಹೇಗಿದ್ದರು’ ಅಂತ ಕೇಳಬಾರದು ಅಂತ ಅವತ್ತು ತಿಳಿಯಿತು. ಹೀಗೆ ಕೇಳಿ: ಫಸ್ಟ್ ಶಿಫ್ಟ್ ಇದ್ದಾಗ ಎಷ್ಟು ಹೊತ್ತಿಗೆ ಏಳುತ್ತಿದ್ದರು? ಡಬ್ಬಿಗೆ ಏನು ಹಾಕುತ್ತಿದ್ದೆ? ವಾಪಸ್ ಬಂದ ಡಬ್ಬಿಯಲ್ಲಿ ಏನು ಉಳಿದಿರುತ್ತಿತ್ತು? ಮೊದಲನೇ ಬೋನಸ್ಸಿನಲ್ಲಿ ಏನು ತಂದರು? ಯಾವುದಕ್ಕೆ ಸಿಟ್ಟು ಬರುತ್ತಿತ್ತು?

ಸಿಟ್ಟಿನ ಪ್ರಶ್ನೆಗೆ ಅಮ್ಮ ಎರಡು ಹೇಳಿದರು. ಒಂದು, ಭಾನುವಾರದ ವಾಚ್ ರಿಪೇರಿ. ಅಪ್ಪ ಸ್ಟೀಲ್ ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಊರವರ ಜನತಾ, ಪೈಲಟ್, ಸೋನಾ ವಾಚುಗಳನ್ನೆಲ್ಲ ಬಿಚ್ಚಿ ಕೂರುತ್ತಿದ್ದರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸಾಸಿವೆಗಿಂತ ಸಣ್ಣ ಒಂದು ಸ್ಕ್ರೂ ಕೆಳಗೆ ಬಿದ್ದರೆ, ‘ಯಾರೂ ಕದಲಬೇಡಿ!’ ಅಂತ ಕೂಗು. ಸೌಟು ಹಿಡಿದ ಅಮ್ಮ ಅಡಿಗೆಮನೆ ಬಾಗಿಲಲ್ಲೇ ನಿಲ್ಲಬೇಕು. ಅಪ್ಪ ಟಾರ್ಚು, ಅಯಸ್ಕಾಂತ ಹಿಡಿದು, ತಾನು ಕೂತಿದ್ದ ಜಾಗದಿಂದ ಗೇಣು ಗೇಣು ನೆಲ ನೋಡುತ್ತಾ ಬರುತ್ತಿದ್ದರು. ಅದು ಸಿಗುವವರೆಗೂ ಪೊರಕೆ ಮುಟ್ಟುವ ಹಾಗಿಲ್ಲ. ಎಷ್ಟೋ ಸಲ ಸಾರು ಸೀದು ಹೋಗಿದೆಯಂತೆ.

ಎರಡನೆಯದು ನನ್ನದೇ. 1983ರಲ್ಲಿ ನಮ್ಮ ಮನೆ ಕಟ್ಟುವಾಗ ಪಾಯದ ಗುಂಡಿ ಸುತ್ತ ಅಪ್ಪ ಗೂಟ ನೆಟ್ಟು ಬಿಳಿ ಲಾಡಿ ಕಟ್ಟಿದ್ದರು. ನನಗೆ ಆಗ ಹತ್ತು ವರ್ಷ. ಲಾಡಿ ಹಾರಿ ಆಚೆ ಹೋದೆ. ಗುಂಡಿ ಇನ್ನೂ ಮೊಣಕಾಲುದ್ದ ಕೂಡ ಆಗಿರಲಿಲ್ಲ. ಅಪ್ಪ ಓಡಿ ಬಂದು ಕೆನ್ನೆಗೆ ಹೊಡೆದರು. ಜೀವನದಲ್ಲಿ ಅವರು ನನಗೆ ಹೊಡೆದದ್ದು ಅದೊಂದೇ ಸಲ. ‘ಹೊಡೆದಾದ ಮೇಲೆ ಅವರ ಕೈ ನಡುಗ್ತಿತ್ತು ಕಣೇ, ನಿನಗಿಂತ ಅವರೇ ಜಾಸ್ತಿ ಹೆದರಿದ್ರು’ ಅಂದರು ಅಮ್ಮ, ಕಾಳು ಹಿತುಕುತ್ತಾ.

ಫ್ಯಾಕ್ಟರಿಯವರನ್ನು ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಒಟ್ಟಿಗೆ ಕೂರಿಸಿ. ಬಿ.ಎಚ್. ರಸ್ತೆಯ ಒಂದು ಹೋಟೆಲಿನಲ್ಲಿ ಅಪ್ಪನ ಸೆಕ್ಷನ್ನಿನ ಐದು ಜನ ಸಿಕ್ಕರು. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಜಗಳವೂ ಆಗುತ್ತದೆ, ಆಗಲಿ, ಅದರಲ್ಲೇ ನಿಜ ಹೊರಗೆ ಬರುವುದು. ಟೋಕನ್ ನಂಬರ್ ಕೇಳಿ. ಹೆಸರು ಮರೆತವರಿಗೂ ನಂಬರ್ ನೆನಪಿರುತ್ತದೆ. ‘ಯಾವ ಮಿಷನ್ನು?’ ಅಂತ ಕೇಳಿ. ಆಯುಧಪೂಜೆ ದಿನ ಏನು ಮಾಡುತ್ತಿದ್ದಿರಿ ಅಂತ ಕೇಳಿ. ಅವತ್ತು ಮನೆಯವರನ್ನೂ ಒಳಗೆ ಬಿಡುತ್ತಿದ್ದರು, ನಾವು ಬಾಳೆಕಂದು ಕಟ್ಟಿದ ಗ್ರೈಂಡಿಂಗ್ ಮಿಷನ್ನಿನ ಮುಂದೆ ನಿಂತು ಮಂಡಕ್ಕಿ ತಿಂದದ್ದು ನನಗೇ ನೆನಪಿದೆ. ಅಪ್ಪ ತಮ್ಮ ಮಿಷನ್ನಿಗೆ ಕುಂಕುಮ ಇಟ್ಟು, ಅದು ಬೇರಿಂಗಿಗೆ ಬೀಳದ ಹಾಗೆ ಕೆಳಗೆ ಕೈ ಹಿಡಿಯುತ್ತಿದ್ದರಂತೆ.

ಎಚ್‌ಎಂಟಿ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡಲು ಶುರು ಮಾಡಿತು. ತುಮಕೂರಿನ ಫ್ಯಾಕ್ಟರಿ ಬಂದದ್ದು 1978ರಲ್ಲಿ. ಅಪ್ಪ ಮಿಲಿಟರಿ ಬಿಟ್ಟದ್ದೂ ಅದೇ ವರ್ಷ, ಸೇರಿದ್ದು ಮರುವರ್ಷ. ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ತುಮಕೂರಿನ ಜಾಗ ಈಗ ಇಸ್ರೋದ್ದು. ಇಂಥ ನಾಲ್ಕು ಸಾಲು ಪುಸ್ತಕದಲ್ಲಿ ಇರಲಿ, ಮೊಮ್ಮಕ್ಕಳಿಗೆ ಬೇಕಾಗುತ್ತದೆ. ಆದರೆ ನಾಲ್ಕೇ ಸಾಲು. ಫ್ಯಾಕ್ಟರಿಯ ಚರಿತ್ರೆ ಬರೆಯಲು ಹೊರಟರೆ ಅಪ್ಪ ಕಳೆದುಹೋಗುತ್ತಾರೆ.

ಬಂಗಾರಪೇಟೆ ಬಸ್ಸು

ಮಿಲಿಟರಿ ಗೆಳೆಯರನ್ನು ಹುಡುಕುವುದು ಕಷ್ಟ. ಅಪ್ಪನ ಪಾಕೆಟ್ ಡೈರಿಯಲ್ಲಿ ಹತ್ತು ವಿಳಾಸ ಇತ್ತು. ಹತ್ತಕ್ಕೂ ಕಾರ್ಡು ಬರೆದೆ. ಎರಡು ವಾಪಸ್ ಬಂದವು, ಒಂದಕ್ಕೆ ಮಗ ಉತ್ತರ ಬರೆದು ‘ತಂದೆಯವರು ಹೋಗಿ ಆರು ವರ್ಷ ಆಯಿತು’ ಅಂದ, ಒಂದಕ್ಕೆ ಫೋನ್ ಬಂತು. ಬಂಗಾರಪೇಟೆ ಕಡೆಯವರು, 79 ವರ್ಷ. ‘ಫೋನಲ್ಲಿ ಬೇಡ, ಬಾಮ್ಮ’ ಅಂದರು. ಮುಂದಿನ ರಜೆಗೆ ಅಂತ ತಳ್ಳಬೇಡಿ, ಆ ಭಾನುವಾರವೇ ಹೊರಡಿ.

ಹೋಗುವಾಗ ಫೋಟೋ ತೆಗೆದುಕೊಂಡು ಹೋಗಿ. ಮೊಬೈಲಿನಲ್ಲಿ ತೋರಿಸಿದರೆ ವಯಸ್ಸಾದವರಿಗೆ ಆಗದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅವರು ಗ್ರೂಪ್ ಫೋಟೋದಲ್ಲಿ 14 ಜನರಲ್ಲಿ 11 ಜನರ ಹೆಸರು ಹೇಳಿದರು. ನಾನು ‘ಟೇಪು ಕಟ್ಟಿದೆ ಅಂತಿದ್ರು’ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಊರುಗೋಲು ತೆಗೆದುಕೊಂಡು ಅಂಗಳದ ಮಣ್ಣಿನಲ್ಲಿ ಎರಡು ಗೆರೆ ಎಳೆದರು.

‘ಇದು ಲೇನು. ಎರಡೂ ಕಡೆ ಮೈನು, ನೆಲದೊಳಗೆ ಹೂತಿಟ್ಟ ಸಿಡಿಮದ್ದು. ಪಾಕಿಸ್ತಾನದ ಶಕರ್‌ಗಢ್ ಕಡೆ, ಬಸಂತರ್ ನದಿ ಹತ್ತಿರ. ರಾತ್ರಿ. ಮೈನು ಎಲ್ಲಿದೆ ಅಂತ ಮಂಡಿಯೂರಿ ನೆಲ ಚುಚ್ಚಿಕೊಂಡು ಹೋಗ್ಬೇಕು. ಓರೆಯಾಗಿ ಚುಚ್ಬೇಕು, ನೆಟ್ಟಗೆ ಚುಚ್ಚಿದ್ರೆ ನಾವಿಲ್ಲ. ಕ್ಲಿಯರ್ ಆದ ಕಡೆ ಎರಡು ಪಕ್ಕ ಬಿಳಿ ಟೇಪು. ಹಿಂದೆ ಟ್ಯಾಂಕು ಕಾಯ್ತಾ ಇರುತ್ತೆ. ಕತ್ತಲಲ್ಲಿ ಅವರಿಗೆ ಕಾಣೋದು ಆ ಟೇಪು ಒಂದೇ. ಟೇಪಿನ ಆಚೆ ಕಾಲಿಟ್ಟರೆ ಮುಗೀತು. ನಮ್ಮವನು ಒಬ್ಬ ಇಟ್ಟ. ನಿಮ್ಮಪ್ಪನ ಪಕ್ಕದಲ್ಲೇ. ಹೇಳಿಲ್ವಾ?’

ಹೇಳಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ನಾನು ಸುಮಾರು ಹೊತ್ತು ಕೆನ್ನೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಬರೆಯುವಾಗ ಆದ ಜಗಳಗಳು

ಬಸಂತರ್ ಅಂದ ಕೂಡಲೇ ನನ್ನ ತಮ್ಮ ಹುಡುಕಾಡಿ, ಅದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಡಿಸೆಂಬರ್ 16ರಂದು ವೀರಮರಣ ಹೊಂದಿ ಪರಮವೀರ ಚಕ್ರ ಪಡೆದ ಜಾಗ ಅಂತ ಕಂಡುಹಿಡಿದ. ‘ಅವರ ಟ್ಯಾಂಕಿಗೆ ದಾರಿ ಮಾಡಿಕೊಟ್ಟದ್ದು ನಮ್ಮಪ್ಪ ಅಂತ ಬರಿ ಅಕ್ಕ’ ಅಂದ. ನಾನು ಬರೆಯಲಿಲ್ಲ. ಆಗಿರಬಹುದು, ಆಗಿಲ್ಲದಿರಬಹುದು. ಅಲ್ಲಿ ಲೇನುಗಳೂ ಹಲವು, ಅಪ್ಪನಂಥ ಸ್ಯಾಪರ್‌ಗಳೂ (ಇಂಜಿನಿಯರ್ ಸೈನಿಕರು) ನೂರಾರು. ನಮಗೆ ಗೊತ್ತಿರುವುದು ಇಷ್ಟು: ಆ ವಲಯದಲ್ಲಿದ್ದರು, ಟೇಪು ಕಟ್ಟಿದರು, ಪಕ್ಕದವರನ್ನು ಕಳೆದುಕೊಂಡರು. ಇಷ್ಟನ್ನೇ ಬರೆದೆ. ಒಂದು ಫ್ಲೆಕ್ಸಿನ ತಪ್ಪು ತೆಗೆದು ಇನ್ನೊಂದು ಫ್ಲೆಕ್ಸ್ ಹಾಕುವುದು ಯಾಕೆ?

ಹಾಗೇ ಕೆಲವು ಪದಗಳನ್ನು ನಾನು ಮೊದಲೇ ಹೊರಗಿಟ್ಟೆ. ಶಿಸ್ತಿನ ಸಿಪಾಯಿ, ಕಾಯಕಯೋಗಿ, ಅಜಾತಶತ್ರು. ಇವನ್ನು ಯಾರ ಅಪ್ಪನಿಗಾದರೂ ಹಾಕಬಹುದು. ಒಂದು ಸಾಲು ಬರೆದ ಮೇಲೆ ಕೇಳಿಕೊಳ್ಳಿ: ಇದನ್ನು ಪಕ್ಕದ ಮನೆಯವರ ಪುಸ್ತಕಕ್ಕೂ ಹಾಕಬಹುದಾ? ಹೌದಾದರೆ ಹೊಡೆದುಹಾಕಿ. ‘ಶಿಸ್ತು ಇತ್ತು’ ಅನ್ನುವ ಬದಲು, 22 ವರ್ಷ ಒಂದೇ ಮೊಳೆಗೆ ಡಬ್ಬಿ ಚೀಲ ನೇತು ಹಾಕಿದರು, ಮೊಳೆ ಕಿತ್ತುಬಂದ ದಿನ ಅದೇ ತೂತಿಗೆ ಮರದ ಬೆಣೆ ಹೊಡೆದು ಮತ್ತೆ ಅದೇ ಮೊಳೆ ಹಾಕಿದರು ಅಂತ ಬರೆದೆ.

ಎರಡನೇ ಜಗಳ ರಮ್ಮಿನದು. ಕ್ಯಾಂಟೀನ್ ರಮ್ಮು ಅಪ್ಪ ತರುತ್ತಿದ್ದರು, ಶನಿವಾರ ಕುಡಿಯುತ್ತಿದ್ದರು. ‘ಮೊಮ್ಮಕ್ಕಳು ಓದ್ತಾರೆ, ಬೇಡ’ ಅಂದ ತಮ್ಮ. ನಾನು ಬೇಕು ಅಂದೆ. ತೀರ್ಪು ಕೊಟ್ಟದ್ದು ಅಮ್ಮ: ‘ಬರಿ. ಎಷ್ಟು ಅಂತಾನೂ ಬರಿ. ಮುಚ್ಚಳದಲ್ಲಿ ಅಳತೆ ಮಾಡ್ಕೊಂಡು ಕುಡೀತಿದ್ರು. ಬರೀದೆ ಬಿಟ್ರೆ ಜನ ಜಾಸ್ತಿ ಅಂದ್ಕೋತಾರೆ.’

ಆದರೆ ಎಲ್ಲವನ್ನೂ ಹಾಕಬೇಕಾಗಿಲ್ಲ. ಅಮ್ಮ ರೆಕಾರ್ಡಿಂಗ್‌ನಲ್ಲಿ ಹೇಳಿದ ಎರಡು ವಿಷಯ ನನ್ನ ಹತ್ತಿರವೇ ಇದೆ. ಬದುಕಿರುವವರಿಗೆ ನೋವಾಗುವುದನ್ನು ಅವರನ್ನು ಕೇಳದೆ ಅಚ್ಚು ಹಾಕಿಸಬೇಡಿ. ಆರ್ಮಿ ನಂಬರು, ಪಿಪಿಓ ನಂಬರು, ಬ್ಯಾಂಕ್ ಖಾತೆ ಕಾಣುವ ಕಾಗದದ ಫೋಟೋ ಹಾಕುವುದಾದರೆ ಆ ಭಾಗ ಮುಚ್ಚಿ. ಪಿಂಚಣಿ ಬರುವ ಒಂಟಿ ಹೆಂಗಸರಿಗೆ ಬರುವ ಮೋಸದ ಫೋನುಗಳು ನನ್ನ ಕೌಂಟರಿನಲ್ಲಿ ದಿನಾ ಕೇಳುವ ಕತೆ.

ಫೋಟೋ, ಅಚ್ಚು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೋ ಕೀಳಬೇಡಿ, ಹಾಗೇ ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ತೆಗೆಯಿರಿ, ಫ್ಲಾಶ್ ಬೇಡ. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಬಾಲ್‌ಪೆನ್ನಿನಲ್ಲಿ ಅಲ್ಲ. ಸ್ಟುಡಿಯೋಗೆ ಕೊಟ್ಟರೆ ‘ಗೆರೆ, ಕಲೆ ತೆಗೆದರೆ ಸಾಕು, ಮುಖ ಮುಟ್ಟಬೇಡಿ’ ಅಂತ ಚೀಟಿಯಲ್ಲಿ ಬರೆದು ಕೊಡಿ. ನಾವು ಬಾಯಲ್ಲಿ ಹೇಳಿದ್ದೆವು. ಒಂದು ಸ್ಟುಡಿಯೋದವರು ಅಪ್ಪನ ಹುಬ್ಬಿನ ಮೇಲಿದ್ದ ಗಾಯದ ಗುರುತನ್ನೂ ‘ಕ್ಲೀನ್’ ಮಾಡಿ ಕೊಟ್ಟರು.

ಕನ್ನಡ ಟೈಪಿಂಗಿನಲ್ಲಿ ಒಂದು ಹಳ್ಳ ಇದೆ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ತಮ್ಮ ಹಳೇ ಫಾಂಟಿಗೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವೊತ್ತು ಚೆಲ್ಲಾಪಿಲ್ಲಿ ಆಗುತ್ತವೆ. ಪಿಡಿಎಫ್ ಮಾಡಿಸಿ ಕೊಡಿ, ಆದರೂ ಒಂದು ಪ್ರತಿ ತೆಗೆಸಿ ಓದಿಯೇ ಮಿಕ್ಕದ್ದಕ್ಕೆ ಒಪ್ಪಿಗೆ ಕೊಡಿ. ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು: 32, 36, 40. ಅಕ್ಷರ ದೊಡ್ಡದಿರಲಿ. ಓದುವವರಲ್ಲಿ ಅರ್ಧ ಜನರಿಗೆ ಪೊರೆ ಆಪರೇಷನ್ ಆಗಿರುತ್ತದೆ. ನಾವು 60 ಪ್ರತಿ ಮಾಡಿಸಿದೆವು, ತಿಥಿ ಊಟದ ದಿನವೇ ಖಾಲಿ ಆಯಿತು.

ಒಂದು ಕೆಲಸ ಮಾತ್ರ ಮರೆಯದೆ ಮಾಡಿ. ಕೊನೆಯ ನಾಲ್ಕು ಪುಟ ಖಾಲಿ ಬಿಡಿ. ಲೆಕ್ಕಕ್ಕೆ ಉಳಿದ ಪುಟ ಅಲ್ಲ, ಬೇಕಂತಲೇ. ಮೇಲೆ ‘ನಿಮಗೆ ನೆನಪಿರುವುದು’ ಅಂತ ಸಣ್ಣಗೆ ಅಚ್ಚು ಹಾಕಿಸಿ, ಊಟಕ್ಕೆ ಕೂರುವ ಕಡೆ ನಾಲ್ಕು ಪೆನ್ನು ಇಡಿ. ಜನ ಎಲೆ ಬರುವವರೆಗೂ ಸುಮ್ಮನೆ ಕೂರಬೇಕಲ್ಲ, ಓದುತ್ತಾರೆ, ಬರೆಯುತ್ತಾರೆ. ಬರೆದ ಪ್ರತಿಗಳನ್ನು ಸಂಜೆ ಫೋಟೋ ತೆಗೆದುಕೊಂಡು ವಾಪಸ್ ಕೊಡಿ. ನಮಗೆ ಅವತ್ತು 19 ಜನರ ಬರಹ ಸಿಕ್ಕಿತು. ಮೂವರು ನನ್ನ ತಪ್ಪು ತಿದ್ದಿದ್ದರು. ಸೋದರತ್ತೆ ಬರೆಯಲು ಬಾರದೆ, ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಂಡೆ. ಆ ಹತ್ತು ರೂಪಾಯಿಯ ಬಟ್ಟೆ ಹಸಿರು ಬಣ್ಣದ್ದಂತೆ.

ಚಿಕ್ಕಪ್ಪನಿಗೆ ಈಗ 64. ಅವರು ಪುಸ್ತಕ ಹಿಡಿದುಕೊಂಡು ಪೆಂಡಾಲಿನ ಆಚೆ ಹೋಗಿ ತೆಂಗಿನ ಮರದ ಕೆಳಗೆ ಕೂತಿದ್ದರು. ಊಟಕ್ಕೂ ಎರಡನೇ ಪಂಕ್ತಿಗೆ ಬಂದರು. ಅವರ ಪ್ರತಿಯಲ್ಲಿ ಒಂದೇ ಸಾಲಿತ್ತು, ಏಳನೇ ಕ್ಲಾಸಿನ ಹುಡುಗನ ಹಾಗೆ ದುಂಡಗೆ ಬರೆದದ್ದು:

‘ಅಣ್ಣನಿಗೆ ನಮಸ್ಕಾರಗಳು. ಆ ವರ್ಷ ಕಡಲೆಕಾಯಿ 11 ಮೂಟೆ ಆಯಿತು. ಆಗ ಬರೆಯಲು ಮರೆತೆ.’